ಕೋವಿ ಸದ್ದಿಗೆ ಮೊದಲೇ ಅರೆದ ಮಸಾಲೆ

ಜರ್ಮನಿಗೆ ಹೋಗಿ ಬಂದವಳು ಎಂದು ತಿಳಿದರೆ ಬೆಳಗೋಡಿನ ಬಸ್ಸಿನಲ್ಲಿ ಸಿಕ್ಕವರೆಲ್ಲ ಪ್ರೀತಿಯಿಂದ ವಿಚಾರಿಸುತ್ತಾರೆ. ಚಳಿ ಎಷ್ಟಿತ್ತು, ಅನ್ನ ಸಿಕ್ಕಿತಾ, ಅಲ್ಲಿಯ ಕಾಫಿ ಹೇಗೆ. ಹೋಗಿದ್ದು ಜಿಂಕೆ ಬೇಟೆ ನೋಡಲು ಎಂದ ಕೂಡಲೇ ಪಕ್ಕದಲ್ಲಿ ಕೂತವರು ಸೆರಗು ಎಳೆದುಕೊಂಡು ಕಿಟಕಿಯ ಕಡೆ ಸರಿಯುತ್ತಾರೆ. ಅವರನ್ನು ಅಂದು ಪ್ರಯೋಜನವಿಲ್ಲ. ನಮ್ಮಲ್ಲಿ ಈಗ ಬೇಟೆ ಎಂದರೆ ಕೇಸು, ಮತ್ತು ಹಾಗಿರುವುದೇ ಸರಿ. ಆದ್ದರಿಂದ ಬಸ್ಸಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಗ್ಗೆ: ಹೊರಡುವ ಮೊದಲು

ಹೋದವರು ಇಬ್ಬರು. ನಾನು, ಮತ್ತು ನನ್ನ ಅಪ್ಪನ ತಮ್ಮ ರಾಜಣ್ಣ. ನನ್ನ ತವರು ಮಗ್ಗೆಯ ಹತ್ತಿರ, ಕೊಟ್ಟಿದ್ದು ಬೆಳಗೋಡಿನ ಕಡೆಗೆ. ಎರಡೂ ಕಡೆ ಹೇಳಿಕೊಳ್ಳುವಂಥ ಎಸ್ಟೇಟ್ ಇಲ್ಲ. ಒಂದಿಷ್ಟು ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಊಟಕ್ಕಾಗುವಷ್ಟು ಗದ್ದೆ.

ಚಿಕ್ಕಪ್ಪ ಒಂದು ಕಾಲಕ್ಕೆ ಸುತ್ತಿನ ಊರುಗಳಲ್ಲಿ ಹೆಸರಾದ ಶಿಕಾರಿ. ಕಾನೂನು ಬಂದ ದಿನವೇ ಬೇಟೆ ಬಿಟ್ಟರು ಎಂದು ನಾನು ಪ್ರಮಾಣ ಮಾಡಲಾರೆ. ಬಿಟ್ಟಿದ್ದಂತೂ ನಿಜ, ಬಿಟ್ಟ ಮೇಲೆ ಗುಡ್ಡಕ್ಕೆ ಹೋಗುವುದನ್ನೂ ಬಿಟ್ಟರು. ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿ ಬಂದವರು ಜಗಲಿಯ ಕುರ್ಚಿಯಲ್ಲಿ ಕೂತರು, ಆಮೇಲೆ ಟೀವಿ ಮುಂದಿನ ಕುರ್ಚಿಗೆ ಬಂದರು, ಅಲ್ಲೇ ಉಳಿದರು. ಕಾಲು ಗಟ್ಟಿ, ಕಣ್ಣು ಗಟ್ಟಿ. ನಾನು ಹೋದಾಗಲೆಲ್ಲ, "ಸುಮ್ಮನೆ ಒಂದು ಸುತ್ತು ಗುಡ್ಡದ ಕಡೆ ಹೋಗಿ ಬನ್ನಿ ಚಿಕ್ಕಪ್ಪ" ಎನ್ನುತ್ತಿದ್ದೆ.

"ಕೋವಿ ಇಲ್ದೆ ಗುಡ್ಡಕ್ಕೆ ಹೋಗಿ ಏನ್ ಮಾಡ್ಲಿ? ಸೌದೆ ಆಯ್ಕಂಡ್ ಬರ್ಲಾ?" ಎಂದು ರಿಮೋಟ್ ಒತ್ತುತ್ತಿದ್ದರು. ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಕೂತಲ್ಲೇ ಮುಗಿದುಹೋಗುತ್ತಾರೆ ಎಂಬ ಭಯ.

ನಾನು ಚಿಕ್ಕವಳಿದ್ದಾಗ ನೋಡಿದ ಚಿಕ್ಕಪ್ಪನೇ ಬೇರೆ. ಗಂಡಸರು ನಾಯಿ ಕಟ್ಟಿಕೊಂಡು ಗುಡ್ಡಕ್ಕೆ ಹೋದರೆ ಊರೇ ಕಿವಿಯಾಗುತ್ತಿತ್ತು. ಬೇಟೆ ಸಿಕ್ಕರೆ ಹೊಡೆದವನಿಗೆ ಪಾಲು, ಪೊದೆ ಬಡಿದು ಪ್ರಾಣಿ ಎಬ್ಬಿಸಿದವರಿಗೆ ಪಾಲು, ನಾಯಿಗೆ ಪಾಲು, ದಾರಿಯಲ್ಲಿ ಹೋಗುತ್ತಾ ಸುಮ್ಮನೆ ಕಣ್ಣಿಂದ ಕಂಡವರಿಗೂ ಒಂದು ಪಾಲು. ಹೆಂಗಸರಿಗೆ ಒಂದೇ ನಿಯಮ. ಕೋವಿಯ ಸದ್ದು ಕೇಳುವ ತನಕ ಮಸಾಲೆ ಅರೆಯಬಾರದು. ಮೊದಲೇ ಅರೆದರೆ ಗುರಿ ತಪ್ಪುತ್ತದೆ. ಕುಂದೂರಿನಿಂದ ಬಂದ ನನ್ನ ಚಿಕ್ಕಮ್ಮ ಈ ನಿಯಮದ ಕಾವಲುಗಾರ್ತಿ. ಧನಿಯಾ, ಮೆಣಸಿನಕಾಯಿ ಹುರಿದು ಒರಳಿನ ಪಕ್ಕ ಇಟ್ಟುಕೊಂಡು, ಕೈ ಕಟ್ಟಿ, ಗುಡ್ಡದ ಕಡೆ ಕಿವಿ ಕೊಟ್ಟು ಕೂರುತ್ತಿದ್ದರು. ಢಂ ಎಂದಿತೋ, ಗುಂಡುಕಲ್ಲು ತಿರುಗುತ್ತಿತ್ತು.

ಇದೆಲ್ಲ ನೆನಪಾದದ್ದು ಆಂಕೆಯಿಂದ. ಆಂಕೆ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಕಾಫಿ ಹುರಿದು ಮಾರುವವಳು, ನಲವತ್ತರ ಆಸುಪಾಸು. ಕಾಫಿ ಹುಡುಕಿಕೊಂಡು ಸಕಲೇಶಪುರಕ್ಕೆ ಬಂದವಳು ನಮ್ಮ ಮನೆಯಲ್ಲಿ ಉಳಿದಳು, ನಮ್ಮ ಒಂದಷ್ಟು ಮೂಟೆಗೆ ಗಿರಾಕಿಯಾದಳು, ಆಮೇಲೆ ಸ್ನೇಹಿತೆಯಾದಳು. ತವರಿಗೂ ಕರೆದುಕೊಂಡು ಹೋಗಿದ್ದೆ. ಚಿಕ್ಕಪ್ಪನ ಕಥೆ ಕೇಳಿ, "ನನ್ನ ಅಪ್ಪನೂ ಬೇಟೆಗಾರ. ಒಮ್ಮೆ ಬನ್ನಿ, ಇಬ್ಬರನ್ನೂ ಕೂರಿಸಬೇಕು" ಎಂದಿದ್ದಳು. ಹೋದ ವರ್ಷ ಆ ಅಪ್ಪ ತೀರಿಕೊಂಡರು. ಅವರು ಊರಿನಿಂದ ಬೇಟೆಯ ಗುತ್ತಿಗೆಗೆ ಪಡೆದು ನೋಡಿಕೊಳ್ಳುತ್ತಿದ್ದ ಕಾಡು ಆಂಕೆಯ ಪಾಲಿಗೆ ಬಂತು. ಆದರೂ ಬನ್ನಿ ಎಂದು ಮತ್ತೆ ಕರೆದಳು.

ಕಾಫಿ ಕುಯ್ಲಿನ ಸಮಯ. ನನ್ನ ಯಜಮಾನರು, "ಹೋಗ್ ಬಾ, ಕುಯ್ಲು ನಾನ್ ನೋಡ್ಕತೀನಿ. ಆ ಮುದುಕಪ್ಪನ್ನ ಕುರ್ಚಿಯಿಂದ ಎಬ್ಬಿಸಿದ್ರೆ ಅದೇ ದೊಡ್ ಕೆಲ್ಸ" ಎಂದರು. ಚಿಕ್ಕಪ್ಪ ಬರುವುದಿಲ್ಲ ಎನ್ನುತ್ತಾರೆಂದು ಹೆದರಿದ್ದೆ. ಜಿಂಕೆ ಬೇಟೆ ಎಂದದ್ದೇ ತಡ, ಟೀವಿ ಆರಿತು.

ಆಂಕೆಯ ಊರು

ವಿಮಾನ ನಿಲ್ದಾಣದಲ್ಲಿ ಚಿಕ್ಕಪ್ಪನ ಚೀಲದಿಂದ ಅಡಕತ್ತರಿ ಹೊರಬಂತು. ಅದು ಯಾವ ಆಯುಧ ಎಂದು ತಪಾಸಣೆಯವರಿಗೆ ಅರ್ಥ ಮಾಡಿಸಲು ಸಾಕುಬೇಕಾಯಿತು, ಮಾಡಿಸಿದ ಮೇಲೂ ಕಿತ್ತುಕೊಂಡರು. "ಕೋವಿನೂ ಕಿತ್ಕಂಡ್ರು, ಅಡಕತ್ರಿನೂ ಕಿತ್ಕಂಡ್ರು" ಎಂದು ಚಿಕ್ಕಪ್ಪ ದಾರಿಯುದ್ದಕ್ಕೂ ಗೊಣಗಿದರು.

ಆಂಕೆಯ ಊರು ಗುಡ್ಡಗಳ ನಡುವೆ ಇದೆ. ನಮ್ಮ ಬಿಸಿಲೆಯ ಕಡೆಯಷ್ಟು ಕಡಿದಲ್ಲ, ಆಲೂರಿನ ದಿಣ್ಣೆಗಳ ಹಾಗೆ ಏರಿ ಇಳಿಯುತ್ತದೆ. ನಾವು ಇಳಿದಾಗ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ರಸ್ತೆಯಲ್ಲಿ ಹಾರ್ನ್ ಇಲ್ಲ, ಅಂಗಳದಲ್ಲಿ ಮಾತಿಲ್ಲ, ನಾಯಿ ಕೂಡ ಅಪ್ಪಣೆ ಕೇಳಿ ಬೊಗಳುವಂತಿತ್ತು. ಈ ನಿಶ್ಶಬ್ದಕ್ಕೆ ಸವಾಲು ಹಾಕಿದ್ದು ನಮ್ಮ ಚಿಕ್ಕಪ್ಪನ ಕೆಮ್ಮು. ಬೀಡಿ ಬಿಟ್ಟು ವರ್ಷಗಳಾದರೂ ಕೆಮ್ಮು ಬಿಟ್ಟಿಲ್ಲ. ಮಗ್ಗೆಯಲ್ಲಿ ಆ ಕೆಮ್ಮು ಕೇಳಿದರೆ ರಾಜಣ್ಣ ಎದ್ದರು ಎಂದು ಊರಿಗೆ ಬೆಳಗಾಗುತ್ತದೆ.

ಆಂಕೆ ಅವರನ್ನು "ಚಿಕ್ಕಪ್ಪ" ಎಂದೇ ಕರೆದಳು, ಅದೇ ಹೆಸರೆಂದುಕೊಂಡು. ನಾನು ತಿದ್ದಲಿಲ್ಲ. ಅವಳ ಇಂಗ್ಲಿಷನ್ನು ನಾನು ಅವರಿಗೆ ಕನ್ನಡದಲ್ಲಿ ಹೇಳುವುದು, ಅವರ ಕನ್ನಡವನ್ನು ಸ್ವಲ್ಪ ತೊಳೆದು ಅವಳಿಗೆ ಹೇಳುವುದು, ಇದೇ ನನ್ನ ಕೆಲಸವಾಯಿತು.

ಅಲ್ಲಿ ಬೇಟೆಯಾಡಲು ಪರೀಕ್ಷೆ ಬರೆಯಬೇಕು. ಮರ, ರೋಗ, ನಾಯಿ, ಕಾನೂನು ಎಲ್ಲ ಓದಿ ಪಾಸಾಗಬೇಕು. ಆಂಕೆ ಮೊದಲ ಸಲ ಫೇಲಾಗಿದ್ದಳಂತೆ. ಚಿಕ್ಕಪ್ಪನಿಗೆ ನಂಬಿಕೆ ಬರಲಿಲ್ಲ. "ಶಿಕಾರಿಗೂ ಪರೀಕ್ಷೆನಾ? ನಂಗೆ ಆಗ್ಲೇ ಇಟ್ಟಿದ್ರೆ ಅವತ್ತೇ ಕೋವಿ ಹೋಗ್ತಿತ್ತಲ್ಲ ಮಾರಾಯ್ತಿ!" ಆಂಕೆಯ ಪ್ರಕಾರ ಅಲ್ಲಿಯ ಕಾಡಿನಲ್ಲಿ ಹುಲಿ ಇಲ್ಲ, ಚಿರತೆ ಇಲ್ಲ, ಜಿಂಕೆ ಹೆಚ್ಚಾದರೆ ನೆಟ್ಟ ಸಸಿಗಳನ್ನೆಲ್ಲ ತಿಂದು ಕಾಡನ್ನು ಮೇಲೇಳಲು ಬಿಡುವುದಿಲ್ಲ. ಅದಕ್ಕೆ ವರ್ಷಕ್ಕೆ ಇಷ್ಟು ಎಂದು ಹೊಡೆಯಲೇಬೇಕು, ಹೊಡೆದದ್ದನ್ನು ತಿನ್ನಲೇಬೇಕು. ನಮ್ಮ ತೋಟದಲ್ಲಿ ಆನೆ, ಇವರ ತೋಟದಲ್ಲಿ ಜಿಂಕೆ. ಜಿಂಕೆಯೇ ವಾಸಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮೊದಲ ಸಂಜೆ: ಅಟ್ಟಣೆ

ಕಾಡಂಚಿನಲ್ಲಿ, ಆಂಕೆ ದಿನವೂ ಸಂಜೆ ಏಣಿ ಹತ್ತಿ ಕೂರುವ ಮರದ ಗೂಡು ಇದೆ. ನಮ್ಮ ಗದ್ದೆ ಕಾಯುವ ಅಟ್ಟಣೆಯೇ, ಬಾಗಿಲು ಕಿಟಕಿ ಇಟ್ಟಿದ್ದಾರೆ ಅಷ್ಟೆ. ಮೂವರೂ ಕಂಬಳಿ ಹೊದ್ದು ಕೂತೆವು. ಕೆಮ್ಮಬಾರದು ಎಂದು ಆಂಕೆ ಬೆರಳು ತುಟಿಗಿಟ್ಟು ಹೇಳಿದಳು. ಚಿಕ್ಕಪ್ಪ ಮಂಕಿ ಕ್ಯಾಪಿನ ಅಂಚನ್ನು ಬಾಯಿಗೆ ತುರುಕಿಕೊಂಡು ಮುಖ ಕೆಂಪು ಮಾಡಿಕೊಂಡರು.

ಹೀಗೆ ಕೂರುವುದು ಎಂಥ ಸುಖ ಎಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ತೋಟದಲ್ಲಿ ನಾನು ದಿನವೂ ಓಡಾಡುತ್ತೇನೆ, ಆದರೆ ಕೂಲಿಯವರ ಲೈನ್ ಮನೆಯ ನಲ್ಲಿ, ಗೊಬ್ಬರ, ಕಾಯಿಕೊರಕ ಹುಳು, ಯಾವುದಾದರೂ ಒಂದು ತಲೆಯಲ್ಲಿರುತ್ತದೆ. ಇಲ್ಲಿ ಏನೂ ಇಲ್ಲ. ಮೊದಲು ಬರಿಯ ಕಾಡು ಕಂಡಿತು. ಆಮೇಲೆ ಒಂದು ಮರಕುಟುಕ, ಎಲೆ ಮೇಲೆ ಓಡಿದ ಇಲಿ, ಹುಲ್ಲಿನಲ್ಲಿ ಒಂದು ನರಿ. ಇವೆಲ್ಲ ನಾವು ಬಂದಾಗಲೂ ಅಲ್ಲೇ ಇದ್ದಿರಬೇಕು. ಬೆರಳು ಮರಗಟ್ಟಿದರೂ ಇಳಿಯಲು ಮನಸ್ಸಾಗಲಿಲ್ಲ.

ಒಮ್ಮೆಲೇ ಮರಗಳ ಹಿಂದಿನಿಂದ ಬೊಗಳಿದ ಸದ್ದು. ಚಿಕ್ಕಪ್ಪ ಕ್ಯಾಪನ್ನು ಬಾಯಿಂದ ತೆಗೆದು ಪಿಸುಗುಟ್ಟಿದರು. "ಕಾಡುಕುರಿ ಕಣವ್ವ! ನಮ್ ಕಾಡುಕುರಿ!"

ಅದು ಅಲ್ಲಿಯ ಸಣ್ಣ ಜಾತಿಯ ಜಿಂಕೆ. ಹೆಸರಿಗೆ ಕುರಿಯಾದರೂ ಜಿಂಕೆಯೇ ಆದ ನಮ್ಮ ಕಾಡುಕುರಿಯ ಹಾಗೆಯೇ ಬೊಗಳುತ್ತದೆ, ಸ್ವಲ್ಪ ದೊಡ್ಡದು. ಹೊರಗೆ ಬಂತು, ಹಿಂದೆಯೇ ಅದರ ಮರಿ. ಆಂಕೆ ಕೋವಿಯನ್ನು ಕೆಳಗಿಟ್ಟು ದುರ್ಬೀನನ್ನು ಚಿಕ್ಕಪ್ಪನ ಕೈಗೆ ಕೊಟ್ಟಳು. ಮರಿ ಇರುವ ತಾಯಿಯನ್ನು ಹೊಡೆಯುವಂತಿಲ್ಲ. ಕತ್ತಲಾಗುವವರೆಗೆ ನೋಡಿ ಇಳಿದು ಬಂದೆವು.

"ಈ ವರ್ಷ ಎಷ್ಟ್ ಹೊಡ್ದಿದೀಯ ಅಂತ ಕೇಳವ್ವ" ಎಂದರು ಚಿಕ್ಕಪ್ಪ.

"ಇನ್ನೂ ಒಂದೂ ಇಲ್ಲ" ಎಂದಳು ಆಂಕೆ. "ಪರೀಕ್ಷೆ ಪಾಸಾದ ಮೇಲೆ ಇದು ನನ್ನ ಮೊದಲ ಚಳಿಗಾಲ."

"ಮತ್ತೆ ದಿನಾ ಯಾಕ್ ಬರ್ತಾಳಂತೆ?"

ಆಂಕೆಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಕೂರೋಕೆ" ಎಂದಳು.

ಚಿಕ್ಕಪ್ಪ ದಾರಿಯುದ್ದಕ್ಕೂ ನಕ್ಕರು, ಮಧ್ಯೆ ಮಧ್ಯೆ ತಡೆದಿಟ್ಟ ಕೆಮ್ಮನ್ನೂ ಕೆಮ್ಮಿದರು. "ಕೂರಕ್ಕೆ ಕಾಡಿಗೆ ಬರ್ತಾಳಂತೆ! ನಮ್ ಮನೇಲಿ ಕುರ್ಚಿ ಐತೆ ಅಂತ ಹೇಳು."

ಎರಡನೆಯ ಸಂಜೆ: ಕಲ್ಬತ್ತು

ಮರುದಿನ ಆಂಕೆ ಮತ್ತು ಚಿಕ್ಕಪ್ಪ ಇಬ್ಬರೇ ಹೋದರು. ನಾನು ಅಡಿಗೆಗೆ ಉಳಿದೆ. ಬೇಟೆ ಸಿಗಲಿ ಬಿಡಲಿ, ನಮ್ಮ ಕಡೆಯ ಸಾರು ಮಾಡಿ ಬಡಿಸುತ್ತೇನೆಂದು ಮಾತು ಕೊಟ್ಟಿದ್ದೆ. ಧನಿಯಾ, ಒಣಮೆಣಸಿನಕಾಯಿ, ನಮ್ಮದೇ ಕರಿಮೆಣಸು ಊರಿಂದ ಹೊತ್ತು ತಂದಿದ್ದೆ. ಮಿಕ್ಸಿ ಇರಲಿಲ್ಲ. ಆಂಕೆಯ ಮನೆಯಲ್ಲಿದ್ದದ್ದು ಟೀ ಲೋಟದಷ್ಟು ದೊಡ್ಡ ಒಂದು ಕಲ್ಬತ್ತು, ಮಗುವಿಗೆ ಔಷಧಿ ತೇಯಲು ಆದೀತು. ಅದರಲ್ಲಿ ಮೂವರ ಸಾರಿನ ಮಸಾಲೆ ಕುಟ್ಟಬೇಕಾದರೆ ಈಗಲೇ ಶುರು ಮಾಡಬೇಕು.

ಚಿಕ್ಕಮ್ಮ ಕಣ್ಣ ಮುಂದೆ ಬಂದರು, ಕೈ ಕಟ್ಟಿ ಕೂತ ಚಿಕ್ಕಮ್ಮ. ನಾನು ಬಿ.ಎಸ್ಸಿ. ಓದಿದವಳು. ಇದು ಯುರೋಪು. ಹೊಡೆಯುವವಳಿಗೆ ಪರೀಕ್ಷೆಯೇ ಆಗಿದೆ. ಹೀಗೆಲ್ಲ ಅಂದುಕೊಂಡು ಕುಟ್ಟಲು ಶುರು ಮಾಡಿದೆ. ಅರ್ಧ ಮುಗಿದಿರಬೇಕು, ದೂರದಲ್ಲಿ ಢಂ ಎಂದಿತು. ಕೈ ಅಲ್ಲೇ ನಿಂತಿತು.

ಅವರು ಬಂದಾಗ ಆಂಕೆಯ ಮುಖ ಸುಣ್ಣವಾಗಿತ್ತು. ಒಂಟಿ ಹೆಣ್ಣು ಜಿಂಕೆ, ಗುಂಡು ತಾಗಿದೆ, ಆದರೆ ಬೀಳದೆ ಕಾಡಿನೊಳಗೆ ಓಡಿದೆ. ನಿಂತಿದ್ದ ಜಾಗದಲ್ಲಿ ಸ್ವಲ್ಪ ರಕ್ತ, ಕೂದಲು. ಕೂಡಲೇ ಬೆನ್ನು ಹತ್ತಬಾರದು, ಹತ್ತಿದರೆ ಗಾಯಗೊಂಡದ್ದು ಇನ್ನೂ ದೂರ ಓಡುತ್ತದೆ ಎಂಬುದು ಅಲ್ಲಿಯ ನಿಯಮ. ಜಾಡು ಹಿಡಿಯುವ ನಾಯಿ ಸಾಕಿರುವ ಹಾರ್ಸ್ಟ್ ಎಂಬುವರಿಗೆ ಫೋನ್ ಹೋಯಿತು. ಬೆಳಕು ಹರಿದ ಮೇಲೆ ಬರುತ್ತೇನೆ ಎಂದರು.

ಯಾರೂ ಊಟಕ್ಕೆ ಕೂರಲಿಲ್ಲ. ಸಿಗುವ ತನಕ ಬೇಟೆಯ ಊಟವಿಲ್ಲವಂತೆ. ಆಂಕೆ ಅಪ್ಪನ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು, "ನಾಳೆ ಸಿಗದಿದ್ದರೆ ನಾನು ಇನ್ನು ಕೋವಿ ಮುಟ್ಟುವುದಿಲ್ಲ. ಅಪ್ಪನ ಕಾಡನ್ನು ಊರಿಗೆ ವಾಪಸ್ ಕೊಡುತ್ತೇನೆ" ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಹೇಳಬಹುದಿತ್ತು.

ಚಿಕ್ಕಪ್ಪ ಅಡಿಗೆಮನೆಗೆ ಬಂದು ಮೂಸಿದರು. ಕಲ್ಬತ್ತಿನ ಕಡೆ ನೋಡಿದರು.

"ಯಾವಾಗ ಅರ್ದೆ?"

"ಸದ್ದಿಗೆ ಮೊದಲೇ" ಎಂದೆ.

ಬೈಯುತ್ತಾರೆ ಅಂದುಕೊಂಡೆ. ಅವರು ಕುರ್ಚಿ ಎಳೆದು ಕೂತರು. "ಆ ಹುಡ್ಗಿ ಚೆನ್ನಾಗೇ ಗುರಿ ಇಟ್ಲು ಕಣವ್ವ. ನಮ್ಮಲ್ಲಿ ಹಿಂಗೆ ಓಡೋದ್ರೆ ಹೊತ್ತು ಮುಳುಗಾಗಂಟ ಹುಡುಕಿ, ಹೋಗ್ಲಿ ಬುಡು ಅಂತಿದ್ವಿ. ಇವ್ಳು ನೋಡು, ಊಟನೇ ಬುಟ್ಟವ್ಳೆ." ಕಲ್ಬತ್ತಿನ ಮೇಲೆ ತಟ್ಟೆ ಮುಚ್ಚಿ, "ನಿಮ್ ಚಿಕ್ಕಮ್ಮಂಗೆ ಹೇಳ್ಬೇಡ" ಎಂದರು.

ಮೂರನೆಯ ಬೆಳಗ್ಗೆ: ಮುಂಗುಸಿಯಂಥ ನಾಯಿ

ಹಾರ್ಸ್ಟ್ ಊರಿನ ಬೇಕರಿಯವರು, ಕೋಟಿಗೆಲ್ಲ ಹಿಟ್ಟಿನ ವಾಸನೆ. ಅವರ ಕಾರಿನಿಂದ ಇಳಿದ ನಾಯಿಯನ್ನು ಕಂಡು ಚಿಕ್ಕಪ್ಪ ನನ್ನ ಮೊಣಕೈ ಹಿಡಿದರು. ಉದ್ದ ಮೈ, ಗೇಣುದ್ದದ ಕಾಲು, ನೆಲ ಗುಡಿಸುವ ಕಿವಿ.

"ಇದು ನಾಯಾ? ಮುಂಗ್ಸಿ ತರ ಐತಲ್ಲೇ! ಇದು ಹುಡ್ಕದು ಇರ್ಲಿ, ಎಲೆ ಒಳಗೆ ಇದೇ ಕಳ್ದೋಗುತ್ತೆ."

ಆಮೇಲೆ ರಕ್ತ ಬಿದ್ದ ಜಾಗ ನೋಡಿ, ಗಾಳಿ ನೋಡಿ, ಗಂಭೀರವಾಗಿ ಘೋಷಿಸಿದರು. "ಏಟು ಬಿದ್ದ ಪ್ರಾಣಿ ನೀರಿಗೆ ಇಳಿಯುತ್ತೆ. ಕೆಳಗೆ ಹಳ್ಳ ಐತೆ. ಅಲ್ಲೇ ಬಿದ್ದೈತೆ, ಬರೀರಿ ಬೇಕಾದ್ರೆ." ನಾನು ಇದನ್ನು ತೊಳೆಯದೆ ಹಾಗೆಯೇ ಇಂಗ್ಲಿಷಿಗೆ ಹಾಕಿದೆ. ಹಾರ್ಸ್ಟ್ ತಲೆಯಾಡಿಸಿ, ನಾಯಿಗೆ ಉದ್ದ ಹಗ್ಗ ಕಟ್ಟಿ, ಅದರ ಮೂಗನ್ನು ರಕ್ತದ ಬಳಿ ಇಟ್ಟರು. ನಾಯಿ ಮೇಲಕ್ಕೆ ಎಳೆಯಿತು. ಹಳ್ಳ ಇದ್ದದ್ದು ಕೆಳಗೆ.

ಚಿಕ್ಕಪ್ಪ ಒಪ್ಪುವವರೇ? "ನೀವ್ ಅದ್ರ ಹಿಂದೆ ಹೋಗ್ರಿ" ಎಂದು ಕೋಲು ಊರಿಕೊಂಡು ಹಳ್ಳಕ್ಕೆ ಇಳಿದೇ ಬಿಟ್ಟರು. ಜಾರಿ ಬೀಳಬಾರದೆಂದು ನಾನು ಅವರ ಹಿಂದೆ ಓಡಿದೆ. ಹಳ್ಳದಲ್ಲಿ ನೀರಿತ್ತು, ಕಲ್ಲಿತ್ತು, ಅದರ ಮೇಲೆ ಜಾರಿ ಕೂತ ಚಿಕ್ಕಪ್ಪನಿದ್ದರು. ಜಿಂಕೆ ಇರಲಿಲ್ಲ. ಒದ್ದೆ ಪ್ಯಾಂಟಿನಲ್ಲಿ ಎದ್ದು ನಿಂತು ಸುತ್ತ ನೋಡಿದರು. ಅವರ ಮುಖದಲ್ಲಿ ಸೋತ ಬೇಸರವನ್ನು ಹುಡುಕಿದೆ, ಕಾಣಲಿಲ್ಲ. ಕೆನ್ನೆ ಕೆಂಪಾಗಿತ್ತು, ಕಣ್ಣು ಎಲ್ಲೆಲ್ಲೋ ಓಡುತ್ತಿತ್ತು. ನಾನು ಚಿಕ್ಕವಳಾಗಿದ್ದಾಗ ಕಂಡ ಮುಖ ಅದು.

ಮೇಲಿಂದ ಆಂಕೆ ಕೂಗಿದಳು.

ನಾವು ಏದುಸಿರು ಬಿಡುತ್ತಾ ಹತ್ತಿದಾಗ ಅವಳು ಮುಳ್ಳುಪೊದೆಯ ಮುಂದೆ ಮಂಡಿಯೂರಿ ಕೂತಿದ್ದಳು. ಜಿಂಕೆ ಒಳಗೆ ಬಿದ್ದಿತ್ತು. ಗುಂಡು ಸರಿಯಾದ ಜಾಗಕ್ಕೇ ತಾಗಿದೆ, ಓಡಿದ್ದು ಕೊನೆಯ ಓಟ, ಒದ್ದಾಡಲಿಲ್ಲ ಎಂದರು ಹಾರ್ಸ್ಟ್. ಆಗ ಆಂಕೆ ಅತ್ತಳು. ಮುಂಗುಸಿಯಂಥ ನಾಯಿ ಪಕ್ಕದಲ್ಲಿ ಕೂತು ಕಾಲು ನೆಕ್ಕಿಕೊಳ್ಳುತ್ತಿತ್ತು. ಚಿಕ್ಕಪ್ಪ ಅದರ ಮುಂದೆ ನಿಂತು ಎರಡೂ ಕೈ ಎತ್ತಿ ಮುಗಿದರು.

ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ಹಾರ್ಸ್ಟ್ ಟೋಪಿ ತೆಗೆದರು. ಆಂಕೆ ಫರ್ ಮರದ ಒಂದು ಹಸಿರು ಚಿಗುರು ಮುರಿದು ಜಿಂಕೆಯ ಬಾಯಿಗೆ ಇಟ್ಟಳು. ಅದರ ಕೊನೆಯ ತುತ್ತು ಅದು. ಹಾರ್ಸ್ಟ್ ಬೇಟೆ ಹೊಡೆದವರಿಗೆ ಸಲ್ಲುವ ಇನ್ನೊಂದು ಚಿಗುರನ್ನು ತಮ್ಮ ಟೋಪಿಯ ಮೇಲಿಟ್ಟು ಆಂಕೆಗೆ ನೀಡಿದರು. ಅವಳು ಅದರಲ್ಲಿ ಒಂದು ತುಣುಕು ಮುರಿದು ನಾಯಿಯ ಕೊರಳಪಟ್ಟಿಗೆ ಸಿಕ್ಕಿಸಿದಳು, ಉಳಿದದ್ದನ್ನು ಅಪ್ಪನ ಟೋಪಿಗೆ ಸಿಕ್ಕಿಸಿ ತಲೆಗೆ ಹಾಕಿಕೊಂಡಳು.

ಚಿಕ್ಕಪ್ಪ ಮಂಕಿ ಕ್ಯಾಪನ್ನು ಯಾವಾಗಲೋ ತೆಗೆದು ಎದೆಗೆ ಹಿಡಿದುಕೊಂಡಿದ್ದರು. "ನಾವು ಆಯುಧಪೂಜೆ ದಿನ ಕೋವಿಗೆ ಹೂ ಇಡ್ತಿದ್ವಿ. ಪ್ರಾಣಿಗೆ ಏನೂ ಇಡ್ಲಿಲ್ಲ ಕಣವ್ವ" ಎಂದರು. ಇದನ್ನು ನಾನು ಇಂಗ್ಲಿಷಿನಲ್ಲಿ ಹೇಳಲು ಹೋಗಲಿಲ್ಲ.

ಕಂಡವರ ಪಾಲಿನ ವಿಷಯವನ್ನು ಮಾತ್ರ ಹೇಳಿದೆ. ಆಂಕೆಗೆ ಬಹಳ ಹಿಡಿಸಿತು. ಆ ಸಂಜೆ ಚಿಕ್ಕಪ್ಪನ ತಟ್ಟೆಗೆ ಮೊದಲ ತುಂಡು ಬಿತ್ತು. ಮೊದಲೇ ಅರೆದಿದ್ದ ಮಸಾಲೆಯೇ, ಚೆನ್ನಾಗಿಯೇ ಇತ್ತು. ಹಾರ್ಸ್ಟ್ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತಾ ಎರಡನೇ ಸಲ ಹಾಕಿಸಿಕೊಂಡರು. ಕಾಡನ್ನು ವಾಪಸ್ ಕೊಡುವ ಮಾತು ಆಂಕೆಯ ಬಾಯಿಂದ ಮತ್ತೆ ಬರಲಿಲ್ಲ. ಮರುದಿನ ಸಂಜೆ ಅವಳು ಕೋವಿಯನ್ನು ಮನೆಯಲ್ಲೇ ಬಿಟ್ಟು ಅಟ್ಟಣೆಗೆ ಹೊರಟಾಗ ಚಿಕ್ಕಪ್ಪ ಏನೂ ಕೇಳದೆ ಶೂ ಹಾಕಿಕೊಂಡು ಹಿಂದೆ ಹೋದರು.

ಮಗ್ಗೆ, ಮತ್ತೆ

ಊರಿಗೆ ಬಂದ ಮೇಲೆ ಕುಯ್ಲಿನ ಗಡಿಬಿಡಿಯಲ್ಲಿ ಜರ್ಮನಿ ಮರೆತೇಹೋಯಿತು. ಒಂದು ಬೆಳಗ್ಗೆ ಚಿಕ್ಕಮ್ಮನ ಫೋನ್ ಬಂತು.

"ನಿಮ್ ಚಿಕ್ಕಪ್ಪ ಮನೇಲಿಲ್ಲ ಕಣೇ! ಹೊತ್ತು ಮೂಡೋಕ್ ಮುಂಚೆನೇ ಹಿಂದ್ಲ ಗುಡ್ಡಕ್ಕೆ ಹೋಗ್ಬುಟ್ಟವ್ರೆ. ಆನೆ ಬೇರೆ ಆ ಕಡೆನೇ ಅವೆಯೋ ಏನೋ!"

ಆನೆ ಎಲ್ಲಿದೆ ಎಂದು ತಿಳಿಸುವ ವಾಟ್ಸಾಪ್ ಗುಂಪು ನೋಡಿದೆ. ಹಿಂಡು ಬೇರೆ ದಿಕ್ಕಿನಲ್ಲಿತ್ತು. ಆದರೂ ಮನಸ್ಸು ತಡೆಯದೆ ಸ್ಕೂಟರಿನಲ್ಲಿ ಮಗ್ಗೆ ತಲುಪಿದೆ. ಚಿಕ್ಕಮ್ಮನೂ ನಾನೂ ಹಿತ್ತಲಿಗೆ ಓಡುವುದಕ್ಕೂ ಅವರು ಗುಡ್ಡ ಇಳಿದು ಬರುವುದಕ್ಕೂ ಸರಿಹೋಯಿತು. ಕೈಯಲ್ಲಿ ಸುರುಳಿ ಸುತ್ತಿದ ಬೈಕಿನ ಕ್ಲಚ್ ವೈರು. ಮಂಕಿ ಕ್ಯಾಪಿನ ಅಂಚಿಗೆ ನೇರಳೆ ಮರದ ಹಸಿರು ಚಿಗುರು.

"ಎಲ್ ಹೋಗಿದ್ರಿ?" ಎಂದು ಚಿಕ್ಕಮ್ಮ ಸಿಡುಕಿದರು.

"ಕೂರಕ್ಕೆ" ಎಂದರು ಚಿಕ್ಕಪ್ಪ.

ಆಮೇಲೆ ನನ್ನ ಕಡೆ ತಿರುಗಿದರು. "ಬಂಡೆ ಮೇಲೆ ಕೂತಿದ್ದೆ ಕಣವ್ವ. ಕಾಡುಕುರಿ ಬಂತು. ಮೇಯ್ತಾ ಮೇಯ್ತಾ ಬೇಲಿ ಸಂದಿಗೇ ಬರ್ತೈತೆ. ಆಗ ನೋಡ್ತೀನಿ, ಅದೇ ಸಂದಿಲಿ ಯಾವನೋ ಉರುಳು ಕಟ್ಟವ್ನೆ. ಎದ್ದು ಹೋಗಿ ಬಿಚ್ಚೋ ಅಷ್ಟ್ರಲ್ಲಿ ಕುತ್ಗೆ ಸಿಕ್ಕಾಕತದೆ. ಏನ್ ಮಾಡ್ಲಿ? ಜರ್ಮನೀಲಿ ತಡ್ಕಂಡಿದ್ದ ಕೆಮ್ಮನ್ನೆಲ್ಲ ಒಟ್ಗೆ ಕೆಮ್ಬುಟ್ಟೆ! ಒಂದೇ ನೆಗೆತ, ಹೋಯ್ತು ನೋಡು. ಆಮ್ಯಾಕೆ ಹೋಗಿ ವೈರು ಕಿತ್ತೆ." ಕೈಯಲ್ಲಿದ್ದ ಸುರುಳಿಯನ್ನು ನನ್ನ ಮುಂದೆ ಹಿಡಿದರು. "ಇನ್ನೂ ಎಷ್ಟ್ ಕಡೆ ಕಟ್ಟವ್ರೋ. ನಾಳೆ ಆ ಮಗ್ಗುಲು ನೋಡ್ಬೇಕು. ಫಾರೆಸ್ಟಿನವ್ರಿಗೂ ಒಂದ್ ಫೋನ್ ಮಾಡು."

ಬೇಟೆಗೆ ಬಳಸುತ್ತಿದ್ದ ಆ ಜಾಡುಗಳೆಲ್ಲ ಅವರಿಗೆ ಇನ್ನೂ ನೆನಪಿವೆ ಎಂದು ನನಗೆ ಆಗ ಹೊಳೆಯಿತು. ಖುಷಿಗೆ ಅಲ್ಲೇ ಅವರ ಕಾಲು ಮುಟ್ಟಿದೆ.

ಕ್ಯಾಪಿನ ಚಿಗುರು ಮುಟ್ಟಿಕೊಂಡು ಸ್ವಲ್ಪ ನಾಚಿದರು. "ಹೊಡೀದೇ ಇದ್ರೂ ಇದನ್ ಸಿಕ್ಕಿಸ್ಕಬೋದಾ ಅಂತ ಆಂಕೆನ ಕೇಳು."

ಫೋಟೋ ತೆಗೆದು ಕಳಿಸಿದೆ. ಅಷ್ಟರಲ್ಲಿ ಅವರು ಜಗಲಿ ಹತ್ತಿ, ವೈರನ್ನು ಮೊಳೆಗೆ ನೇತುಹಾಕಿ, ಒಳಗಿನ ಕಡೆ ಕೂಗಿದರು. "ಇವತ್ತು ಕೋಳಿ ಕುಯ್ಯಾನ. ಮಸಾಲೆ ಅರಿಯೇ!"

ಚಿಕ್ಕಮ್ಮ ಬಾಗಿಲಲ್ಲಿ ಕೈ ಕಟ್ಟಿ ನಿಂತರು. "ಯಾವ್ ಕೋವಿ ಸದ್ದು ಕೇಳ್ತು ಅಂತ ಅರೀಲಿ?"

ಚಿಕ್ಕಪ್ಪ ಗುಡ್ಡದ ಕಡೆ ತಿರುಗಿ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು, ಇಡೀ ಮಗ್ಗೆಗೆ ಕೇಳುವ ಹಾಗೆ ಕೆಮ್ಮಿದರು.

ಚಿಕ್ಕಮ್ಮ ಕಟ್ಟಿದ ಕೈ ಬಿಚ್ಚಿದರು. ಆಮೇಲೆ ಒಳಗೆ ಹೋಗಿ ಮಿಕ್ಸಿ ಹಾಕಿದರು.